ಕೆರೆ, ನದಿ, ಕಡಲತೀರ: ಈಜಲು, ಮೀನು ಹಿಡಿಯಲು ಯಾರ ಅನುಮತಿ ಬೇಕು?

'ಇಲ್ಲಿ ಈಜುವುದನ್ನು ಮತ್ತು ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ' ಎಂಬ ಫಲಕ ರಾಜ್ಯದ ನಗರಗಳ ಕೆರೆ ಏರಿಗಳ ಮೇಲೂ ನದಿ ತೀರಗಳಲ್ಲೂ ಸಾಮಾನ್ಯವಾಗಿ ಕಾಣಸಿಗುತ್ತದೆ. ಆದರೆ ಆ ಫಲಕವನ್ನು ಹಾಕಿದವರು ಯಾರು, ಯಾವ ಕಾನೂನಿನ ಬಲದಿಂದ ಹಾಕಿದರು, ಮೀರಿದರೆ ಏನಾಗುತ್ತದೆ ಎಂಬುದು ಓದುವವರಿಗೆ ತಿಳಿದಿರುವುದು ಅಪರೂಪ. ಕರ್ನಾಟಕದಲ್ಲಿ ಎಲ್ಲ ಜಲತೀರಗಳಿಗೂ ಅನ್ವಯಿಸುವ ಒಂದೇ ನಿಯಮಾವಳಿ ಇಲ್ಲ. ಕೆರೆಗೊಂದು, ನದಿಗೊಂದು, ಅಭಯಾರಣ್ಯಕ್ಕೊಂದು, ಕಡಲಿಗೊಂದು ಕಾನೂನು ಇದ್ದು, ಅವುಗಳ ಮೇಲೆ ಜಿಲ್ಲಾಡಳಿತದ ತಾತ್ಕಾಲಿಕ ಆದೇಶಗಳೂ ಸೇರುತ್ತವೆ. ದೇಶದಲ್ಲಿ ನೀರಿನಲ್ಲಿ ಮುಳುಗಿ ಸಾಯುವವರ ಸಂಖ್ಯೆ ವರ್ಷಕ್ಕೆ 35 ಸಾವಿರವನ್ನು ಮೀರುತ್ತಿರುವಾಗ ಈ ನಿಯಮಗಳನ್ನು ಅರಿತಿರುವುದು ಅಗತ್ಯ.

ನಗರದ ಕೆರೆಗಳು

ರಾಜಧಾನಿಯ ಕೆರೆಗಳಿಗೆ ಒಡೆಯರು ಹಲವರು. ಕೆಲವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವಶದಲ್ಲಿದ್ದರೆ, ಕೆಲವು ಅರಣ್ಯ ಇಲಾಖೆಯ ಸುಪರ್ದಿನಲ್ಲಿವೆ. ಬಹುಪಾಲು ಕೆರೆಗಳನ್ನು ಬಿಬಿಎಂಪಿ ನೋಡಿಕೊಳ್ಳುತ್ತಿತ್ತು. 2025ರಲ್ಲಿ ಅದರ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಇವೆಲ್ಲದರ ಮೇಲ್ವಿಚಾರಣೆಗೆಂದೇ 2014ರ ಕಾಯ್ದೆಯಡಿ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ರಚನೆಯಾಗಿದೆ. ಕೆರೆಯ ಪ್ರವೇಶದ್ವಾರದಲ್ಲಿರುವ ಫಲಕದಲ್ಲಿ ಯಾವ ಸಂಸ್ಥೆಯ ಹೆಸರಿದೆಯೋ ಆ ಸಂಸ್ಥೆಯೇ ಅಲ್ಲಿನ ನಿಯಮಗಳಿಗೆ ಹೊಣೆ.

ನಗರದ ಕೆರೆಗಳಲ್ಲಿ ಈಜಿಗೆ ಅವಕಾಶ ನೀಡದಿರಲು ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ನೀರಿನ ಗುಣಮಟ್ಟ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಭಾರೀ ಪ್ರಮಾಣದಲ್ಲಿ ಮೀನುಗಳು ಸತ್ತು ತೇಲಿದ್ದವು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹೊತ್ತಿಕೊಂಡು ಗಂಟೆಗಟ್ಟಲೆ ಉರಿದಿತ್ತು. ಒಳಚರಂಡಿ ನೀರು ಸೇರುವ ಕೆರೆಯಲ್ಲಿ ಪಾಚಿ ಹೆಚ್ಚುತ್ತದೆ, ಆಮ್ಲಜನಕ ಕುಸಿಯುತ್ತದೆ; ಮೀನು ಬದುಕಲಾರದ ನೀರು ಮನುಷ್ಯನ ಚರ್ಮಕ್ಕೂ ಹೊಟ್ಟೆಗೂ ಹಿತವಲ್ಲ. ಎರಡನೆಯದು, ಕೆರೆಯ ತಳ. ಹೂಳೆತ್ತಿದ ಕೆರೆಗಳಲ್ಲಿ ದಡದಿಂದ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಆಳುದ್ದದ ಗುಂಡಿ ಎದುರಾಗಬಹುದು. ಹೂಳೆತ್ತದ ಕೆರೆಗಳಲ್ಲಿ ಕೆಸರು ಮತ್ತು ಜೊಂಡು ಕಾಲನ್ನು ಹಿಡಿದಿಡುತ್ತವೆ. ಎರಡೂ ಕಡೆ ಈಜು ಬಲ್ಲವರೂ ಪ್ರಾಣ ಕಳೆದುಕೊಂಡಿದ್ದಾರೆ. ಮಳೆನೀರು ತುಂಬಿದ ಹಳೆಯ ಕಲ್ಲು ಕ್ವಾರಿಗಳ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ.

ಈಜಲು ಬಯಸುವವರಿಗೆ ಪರ್ಯಾಯ ಇಲ್ಲದಿಲ್ಲ. 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯ ಪಕ್ಕದಲ್ಲಿಯೂ ಹಲಸೂರು ಕೆರೆಯ ಸಮೀಪದಲ್ಲಿಯೂ ಸಾರ್ವಜನಿಕ ಈಜುಕೊಳಗಳಿವೆ.

ಗಾಳ ಹಾಕುವ ಮುನ್ನ

ಕೆರೆಯ ಮೀನು ಯಾರಿಗೂ ಸೇರದ ಸೊತ್ತು ಎಂಬ ಭಾವನೆ ನಗರವಾಸಿಗಳಲ್ಲಿದೆ. ಇದು ತಪ್ಪು. ಮೀನುಗಾರಿಕೆ ಇಲಾಖೆಯು ಕೆರೆಗಳ ಮೀನು ಪಾಶುವಾರು ಹಕ್ಕನ್ನು ನಿಗದಿತ ಅವಧಿಗೆ ಮೀನುಗಾರರ ಸಹಕಾರ ಸಂಘಗಳಿಗೆ ಇಲ್ಲವೇ ಟೆಂಡರ್ ಪಡೆದವರಿಗೆ ಗುತ್ತಿಗೆ ನೀಡುತ್ತದೆ. ಗ್ರಾಮಾಂತರದಲ್ಲಿ ಸಣ್ಣ ಕೆರೆಗಳ ಹಕ್ಕು ಗ್ರಾಮ ಪಂಚಾಯಿತಿಗಳದ್ದು. ಗುತ್ತಿಗೆ ಪಡೆದವರು ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ತಂದು ಬಿಟ್ಟು, ಅವು ಬೆಳೆಯುವವರೆಗೆ ಕಾಯುತ್ತಾರೆ. ಅಂಥ ಕೆರೆಯಲ್ಲಿ ಭಾನುವಾರದ ಹವ್ಯಾಸಕ್ಕೆಂದು ಗಾಳ ಹಾಕುವುದು ಮತ್ತೊಬ್ಬರ ಬೆಳೆಗೆ ಕೈಹಾಕಿದಂತೆ. ಗುತ್ತಿಗೆದಾರರ ಒಪ್ಪಿಗೆ ಇಲ್ಲದೆ ಹಿಡಿಯುವಂತಿಲ್ಲ. ನದಿ ಮತ್ತು ಜಲಾಶಯಗಳಲ್ಲಿ ಮೀನು ಹಿಡಿಯಲು ಇಲಾಖೆಯ ಪರವಾನಗಿ ಬೇಕು. ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಬಹುದು.

ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಹಿಡಿಯುವುದಕ್ಕೆ ಎಲ್ಲಿಯೂ ಅನುಮತಿ ಇಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಇದನ್ನು ಅಪರಾಧವೆಂದು ಸಾರಿತ್ತು. ಅದರಲ್ಲಿದ್ದ ದಂಡದ ಮೊತ್ತ ಗರಿಷ್ಠ 200 ರೂಪಾಯಿ ಮಾತ್ರ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಹೆಸರಿನಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ.

ನದಿ ಮತ್ತು ನಾಲೆ

ನದಿಯ ಸ್ನಾನಘಟ್ಟಗಳಲ್ಲಿ ಮೀಯುವುದು ನಾಡಿನ ಪರಂಪರೆ. ಅದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ನಿರ್ಬಂಧ ಇರುವುದು ಸುಳಿ, ಮಡು ಮತ್ತು ಬಂಡೆಗಳಿರುವ ಜಾಗಗಳಿಗೆ. ಕಾವೇರಿಯ ಸಂಗಮ, ಮೇಕೆದಾಟು ಹಾಗೂ ಮುತ್ತತ್ತಿಯಲ್ಲಿ ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ನೀರಿನಡಿ ಕಲ್ಲಿನ ಪೊಟರೆಗಳಿವೆ. ಮೇಲ್ಭಾಗದ ಅಣೆಕಟ್ಟೆ ಇಲ್ಲವೇ ವಿದ್ಯುದಾಗಾರದಿಂದ ನೀರು ಬಿಟ್ಟರೆ ಮಳೆಯ ಸುಳಿವೇ ಇಲ್ಲದ ದಿನವೂ ಹರಿವು ಏರುತ್ತದೆ. ಮಂಡ್ಯ ಭಾಗದ ವಿಶ್ವೇಶ್ವರಯ್ಯ ನಾಲೆಯಂಥ ಕಾಲುವೆಗಳ ಅಪಾಯ ಬೇರೆ ಬಗೆಯದು: ಕಾಂಕ್ರೀಟ್ ಹೊದಿಸಿದ ಇಳಿಜಾರು ಬದಿಗಳಲ್ಲಿ ಕೈಗೆ ಹಿಡಿತ ಸಿಗದು, ಬಿದ್ದವರು ಮೇಲೇರುವುದು ಕಷ್ಟ.

ವನ್ಯಜೀವಿ ಧಾಮದೊಳಗೆ ಹರಿಯುವ ನದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಿ, ತೂಕ ನೋಡಿ, ಮರಳಿ ನೀರಿಗೆ ಬಿಡುವ ಕ್ರೀಡೆ ಒಂದು ಕಾಲಕ್ಕೆ ವಿದೇಶಿಯರನ್ನೂ ಸೆಳೆದಿತ್ತು. ಕಾವೇರಿ ವನ್ಯಜೀವಿ ಧಾಮದಲ್ಲಿ 2010ರ ದಶಕದ ಆರಂಭದಲ್ಲಿ ಅದು ನಿಂತಿತು. ಕಾವೇರಿ ಕಣಿವೆಗೆ ಸೀಮಿತವಾದ ಕಿತ್ತಳೆ ರೆಕ್ಕೆಯ ಮಹಶೀರ್ ಇಂದು ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹಂಪಿ ಸುತ್ತಲಿನ ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಘೋಷಿಸಲಾಗಿದೆ. ಶೃಂಗೇರಿಯಲ್ಲಿ ಭಕ್ತರು ಪುರಿ ಹಾಕುವ ತುಂಗೆಯ ಮೀನುಗಳನ್ನು ಹಿಡಿಯುವುದು ನಿಷಿದ್ಧ. ದಾಂಡೇಲಿ ಪಟ್ಟಣದ ಬದಿಯ ಕಾಳಿ ನದಿಯಲ್ಲಿ ಮೊಸಳೆಗಳಿರುವುದರಿಂದ ಅಲ್ಲಿನ ಎಚ್ಚರಿಕೆ ಫಲಕಗಳನ್ನು ಲಘುವಾಗಿ ಪರಿಗಣಿಸುವಂತಿಲ್ಲ.

ಕರಾವಳಿ

ಸುಮಾರು 320 ಕಿಲೋಮೀಟರ್ ಉದ್ದದ ರಾಜ್ಯದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಇದಕ್ಕೆ ಆಧಾರ. ಮೀನುಗಳು ಮರಿ ಮಾಡುವ ಕಾಲ ಹಾಗೂ ಕಡಲಿನ ಅಬ್ಬರ ಎರಡನ್ನೂ ಗಮನದಲ್ಲಿಟ್ಟುಕೊಂಡು ಈ ಅವಧಿ ಗೊತ್ತುಪಡಿಸಲಾಗಿದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ದೋಣಿಗಳಿಗೂ ಎಂಜಿನ್ ಇಲ್ಲದ ನಾಡದೋಣಿಗಳಿಗೂ ವಿನಾಯಿತಿ ಇದೆ. ದಡದಲ್ಲಿ ನಿಂತು ಗಾಳ ಹಾಕುವವರು ಈ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲವಾದರೂ, ಮಳೆಗಾಲದಲ್ಲಿ ಬಂಡೆ ಮತ್ತು ಅಲೆತಡೆಗೋಡೆಗಳ ಮೇಲೆ ನಿಲ್ಲುವುದು ಪ್ರಾಣಾಪಾಯಕ್ಕೆ ಆಹ್ವಾನ. ಪಣಂಬೂರಿನ ಬಂದರು ಪ್ರದೇಶ ಹಾಗೂ ಕಾರವಾರದ ನೌಕಾನೆಲೆಯ ಆಸುಪಾಸಿನಲ್ಲಿ ಭದ್ರತೆಯ ಕಾರಣಕ್ಕೆ ಪ್ರತ್ಯೇಕ ನಿರ್ಬಂಧಗಳಿವೆ.

ಈಜುವವರಿಗೆ ಮಳೆಗಾಲ ಮುಗಿದರೂ ಅಪಾಯ ಮುಗಿಯುವುದಿಲ್ಲ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಆನಂತರ ಆ ತೀರಕ್ಕೆ ಪ್ರವಾಸಿಗರ ಪ್ರವೇಶವನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲಾಗಿತ್ತು. ಕಡಲಿನಲ್ಲಿ ಅನೇಕರನ್ನು ಬಲಿ ಪಡೆಯುವುದು ದಡದಿಂದ ಆಳದ ಕಡೆಗೆ ಹರಿಯುವ ಹಿಂಸೆಳೆತ. ಅಲೆ ಒಡೆಯದೆ ಸಪಾಟಾಗಿ ಕಾಣುವ ಪಟ್ಟಿಯೇ ಹಲವು ಬಾರಿ ಅದರ ಗುರುತು. ಅದರಲ್ಲಿ ಸಿಲುಕಿದವರು ನೇರವಾಗಿ ದಡದತ್ತ ಈಜಿದರೆ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು.

ಜೀವರಕ್ಷಕರಿರುವ ಕಡಲತೀರದಲ್ಲಿ ಬಾವುಟಗಳೇ ನಿಯಮ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಈಜಿಗೆ ಮೀಸಲು. ಹಳದಿ ಎಂದರೆ ಎಚ್ಚರಿಕೆ. ಕೆಂಪು ಎಂದರೆ ನೀರಿಗಿಳಿಯುವಂತಿಲ್ಲ. ರಾಜ್ಯದಲ್ಲಿ ಪಡುಬಿದ್ರಿ ಹಾಗೂ ಹೊನ್ನಾವರದ ಕಾಸರಕೋಡು ತೀರಗಳು 2020ರಲ್ಲಿ ಅಂತರರಾಷ್ಟ್ರೀಯ 'ಬ್ಲೂ ಫ್ಲ್ಯಾಗ್' ಮಾನ್ಯತೆ ಪಡೆದವು. ನೀರಿನ ಗುಣಮಟ್ಟದ ಪರೀಕ್ಷೆ ಮತ್ತು ಜೀವರಕ್ಷಕರ ನಿಯೋಜನೆ ಈ ಮಾನ್ಯತೆಯ ಷರತ್ತುಗಳಲ್ಲಿ ಸೇರಿವೆ.

ಉಲ್ಲಂಘಿಸಿದರೆ

ಅಪಾಯದ ಸ್ಥಳಗಳಿಗೆ ಜಿಲ್ಲಾಧಿಕಾರಿಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಅಡಿ ನಿಷೇಧಾಜ್ಞೆ ಹೊರಡಿಸಬಹುದು. 2024ರ ಜುಲೈ 1ಕ್ಕೆ ಮೊದಲು ಇದು 144ನೇ ಕಲಂ ಎಂದು ಪ್ರಸಿದ್ಧವಾಗಿತ್ತು. ಆದೇಶದ ಅವಧಿ ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ಆದೇಶ ಮೀರಿ ಜೀವಕ್ಕೆ ಅಪಾಯ ಒಡ್ಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಆದರೆ ದಂಡ ವಿಧಿಸುವವರು ಎಲ್ಲ ಕೆರೆ-ಕಡಲುಗಳ ಬಳಿ ಇರುವುದಿಲ್ಲ, ಜೀವರಕ್ಷಕರೂ ಇರುವುದಿಲ್ಲ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಸಾಯುವ ಪ್ರಕರಣಗಳು ಮರುಕಳಿಸುತ್ತಲೇ ಇವೆ. ಹಗ್ಗ, ಬಟ್ಟೆ, ಉದ್ದನೆಯ ಕೋಲು ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಅವರತ್ತ ಚಾಚಬೇಕು ಇಲ್ಲವೇ ಎಸೆಯಬೇಕು. ತುರ್ತು ನೆರವಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಭಾರತೀಯ ಕರಾವಳಿ ರಕ್ಷಣಾ ಪಡೆಗೆ 1554 ಸಂಖ್ಯೆಗೆ ಕರೆ ಮಾಡಬಹುದು.