ಮಾಳಿಗೆಯ ಮೇಲಿನ ದಾರಿ: ಮಲಪ್ರಭೆಯ ಆಸುಪಾಸಿನ ಊರುಗಳ ಎರಡನೆಯ ನೆಲ

ಸವದತ್ತಿ, ರಾಮದುರ್ಗ, ಬೈಲಹೊಂಗಲದ ಹಳೆಯ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿದ್ದವು. ಒಂದು ಮನೆಯ ನಿಚ್ಚಣಿಕೆ ಏರಿ, ನಾಲ್ಕಾರು ಮಾಳಿಗೆ, ಅಂದರೆ ಮಣ್ಣಿನ ಸಪಾಟು ಸೂರು, ದಾಟಿ, ಇನ್ನೊಂದು ಮನೆಯೊಳಗೆ ಇಳಿಯಲು ಬೀದಿ ಬೇಕಾಗಿರಲಿಲ್ಲ. ನಗರಗಳ ಮೇಲ್ದಾರಿಗಳ ಚರಿತ್ರೆಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಸೇತುವೆ ಹಾಕಿದ 1962ರ ಮಿನಿಯಾಪೊಲಿಸ್, 1970ರ ಕ್ಯಾಲ್ಗರಿ ತಪ್ಪದೆ ಬರುತ್ತವೆ. ಮಾಳಿಗೆಯನ್ನು ಬರೀ ಸೂರೆಂದು ಎಣಿಸಿದ್ದರಿಂದ ನಮ್ಮ ಊರುಗಳು ಆ ಲೆಕ್ಕಕ್ಕೆ ಸಿಕ್ಕಿಲ್ಲ. ಅಲ್ಲಿ ದಾರಿಯನ್ನು ಮೇಲೇರಿಸಿದ್ದು ಚಳಿ, ಇಲ್ಲಿ ಮಳೆಯ ಕೊರತೆ.

ಮಾಳಿಗೆಯ ಕಟ್ಟೋಣ ಹೀಗೆ: ಕಂಬ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಮತ್ತು ಸೊಪ್ಪಿನ ಹಾಸು, ಕೊನೆಗೆ ದಪ್ಪನೆಯ ಮಣ್ಣು. ಮೇಲ್ಪದರಕ್ಕೆ ನೀರು ಇಳಿಯಗೊಡದ ಸವಳು ಮಣ್ಣು. ಮಳೆಗಾಲಕ್ಕೆ ಮುಂಚೆ ಅದನ್ನು ಹರವಿ ತುಳಿದು ಗಟ್ಟಿ ಮಾಡಬೇಕು. ಅಂದರೆ ಈ ನೆಲ ಕಾಲಿಗೆಂದೇ ಹುಟ್ಟಿದ್ದು. ಶ್ಯಾವಿಗೆ, ಸಂಡಿಗೆ, ಕಾಳು ಒಣಗುವುದು ಅಲ್ಲೇ. ಬೇಸಿಗೆಯ ರಾತ್ರಿ ಹಾಸಿಗೆಯೂ ಅಲ್ಲೇ. ಪಶ್ಚಿಮಕ್ಕೆ ಕಿತ್ತೂರಿನತ್ತ ಸಾಗಿದಂತೆ ಮಳೆ ಹೆಚ್ಚುತ್ತದೆ, ಇಳಿಜಾರು ಹಂಚು ಕಾಣಿಸಿಕೊಳ್ಳುತ್ತದೆ, ಮೇಲಿನ ದಾರಿ ಕಡಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚಿಗೂ ಇದೇ ಮಾತು: ಅದರ ಮೇಲೆ ಬೆಕ್ಕು ಓಡಾಡಬಹುದು, ಮನುಷ್ಯರಲ್ಲ.

ಈ ಪ್ರದೇಶದಲ್ಲಿ ಎತ್ತರದ ಇನ್ನೊಂದು ನಡಿಗೆಯೂ ಇತ್ತು. ಸಿರಸಂಗಿ ದೇಸಾಯರ ಕಾಲದ, 18ನೆಯ ಶತಮಾನದ ಸವದತ್ತಿ ಕೋಟೆಯ ಗೋಡೆ ಎಂಟು ಕೊತ್ತಳಗಳನ್ನು ಬೆಸೆಯುತ್ತದೆ. ಆದರೆ ಅದು ಕಾವಲಿನವರ ಹಾದಿ. ಊರ ಜನರಿಗೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಮಾಳಿಗೆಯೂ ಎಲ್ಲರದಲ್ಲ. ಬೆಳಕಿಂಡಿಯ ಬಾಯಿಗೆ ಬಂದು ನಿಂತವರಿಗೆ ಕೆಳಗಿನ ಅಡುಗೆಮನೆ ಕಾಣುತ್ತದೆ, ಮಾತು ಕೇಳುತ್ತದೆ. ಬೀದಿ ಊರಿನದು, ಮಾಳಿಗೆ ಓಣಿಯದು. ಪರಿಚಯವೇ ಅಲ್ಲಿನ ಪರವಾನಿಗೆ.

ಕಾನೂನಿನ ಕಣ್ಣಿಗೆ ಈ ದಾರಿ ಬೀಳದೆ ಹೋದದ್ದೂ ಇದೇ ಕಾರಣಕ್ಕೆ ಎಂದು ನನ್ನ ಎಣಿಕೆ. 1882ರ ಅನುಭೋಗದ ಹಕ್ಕುಗಳ ಕಾಯ್ದೆ ಮುಂಬಯಿ ಪ್ರಾಂತಕ್ಕೆ ಅನ್ವಯವಾದದ್ದು 1891ರಲ್ಲಿ. ಸವದತ್ತಿ ಆಗ ಅದೇ ಪ್ರಾಂತದ ಪರಸಗಡ ತಾಲೂಕಿನ ಕೇಂದ್ರ. ಬೈಲಹೊಂಗಲ, ಕಿತ್ತೂರು ಸಂಪಗಾಂವ ತಾಲೂಕಿನವು. ರಾಮದುರ್ಗ 1948ರವರೆಗೆ ಬೇರೆಯೇ ಸಂಸ್ಥಾನ. ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದಲೇ ನಡೆದಾಡಿದ್ದರೆ ದಾರಿ ದಕ್ಕುತ್ತದೆ. ಒಪ್ಪಿಗೆಯಿಂದ ನಡೆದದ್ದು ಎಷ್ಟು ವರ್ಷವಾದರೂ ಹಕ್ಕಾಗದು. ನೆರೆಯವರ ಮಾಳಿಗೆಯನ್ನು ಸಲಿಗೆಯಿಂದ ದಾಟಿದವರ ಕೈಗೆ ತೋರಿಸಲು ಏನು ಉಳಿದೀತು?

ಹೀಗಾಗಿ ಈ ದಾರಿಯನ್ನು ಮುಚ್ಚಲು ಯಾರ ಆದೇಶವೂ ಬೇಕಾಗಲಿಲ್ಲ. ಇಡೀ ಜಾಲ ನಿಂತಿದ್ದದ್ದು ಮನೆಗಳ ಸಮ ಎತ್ತರದ ಮೇಲೆ. ಸಾಲಿನಲ್ಲಿ ಒಬ್ಬರು ತೊಲೆ ಇಳಿಸಿ, ಅಡಿಪಾಯ ಏರಿಸಿ ಸ್ಲ್ಯಾಬ್ ಹಾಕಿಸಿದರೆ ಅಲ್ಲಿಗೆ ನಡಿಗೆ ತುಂಡು. ಎರಡನೆಯವರು ಇನ್ನೂ ಎತ್ತರಿಸುತ್ತಾರೆ. ಮೆಟ್ಟಿಲು ಈಗ ಪ್ರತಿ ಮನೆಯೊಳಗೂ ಇದೆ. ಏರಿದವರು ಎದೆಮಟ್ಟದ ಕುಂಬಿಗೆ, ನೀರಿನ ಟ್ಯಾಂಕಿಗೆ ಮುಟ್ಟಿ ಹಿಂದಿರುಗುತ್ತಾರೆ.