ಕಾರ್ಡ್ ನಂಬರ್ ಯಾರ ಹತ್ತಿರ ಇರಬೇಕು? ಪುಣೆ ಕಲಿಸಿದ ಪಾಠ

ಪುಣೆಯಲ್ಲಿರೋ ನಮ್ಮವರಿಗೆ ಕ್ಯಾಂಪ್ ಗೊತ್ತೇ ಇದೆ: ಎಂ.ಜಿ. ರೋಡಲ್ಲಿ ಶಾಪಿಂಗ್, ಈಸ್ಟ್ ಸ್ಟ್ರೀಟಲ್ಲಿ ಕಯಾನಿ ಬೇಕರಿ ಬಿಸ್ಕತ್ತು. ಇಂಥ ಪೇಟೆಯಲ್ಲಿ ಕಾರ್ಡ್ ಕೊಟ್ಟಾಗ ಅದರ ನಂಬರ್ ಆಮೇಲೆ ಯಾರ ಹತ್ತಿರ ಉಳಿಯುತ್ತೆ? ಈ ಪ್ರಶ್ನೆಗೂ ಒಂದು ಇತಿಹಾಸ ಇದೆ.

ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕ್ರೆಡಿಟ್ ಕಾರ್ಡ್ ತಂದದ್ದು 1980ರಲ್ಲಿ. ಆ ಕಾಲದಲ್ಲಿ ಅಂಗಡಿಯವರು ಕಾರ್ಡನ್ನು ಕೈಯಂತ್ರದಲ್ಲಿಟ್ಟು ಉಜ್ಜಿದರೆ, ಉಬ್ಬು ಅಂಕಿಗಳು ಕಾರ್ಬನ್ ಸ್ಲಿಪ್ ಮೇಲೆ ಮೂಡುತ್ತಿದ್ದವು. ನಿಮ್ಮ ಹೆಸರು, ಪೂರ್ತಿ ನಂಬರ್ ಎಲ್ಲ ಅಂಗಡಿಯ ಡ್ರಾಯರಿನಲ್ಲಿ. ಅಂಗಡಿಯವರ ಮೇಲಿನ ನಂಬಿಕೆಯೇ ಭದ್ರತೆ.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ನಮ್ಮದೇ ಐಟಿ ಲೋಕದಲ್ಲಿ. ಬೆಂಗಳೂರಿನ ಎಂಫಸಿಸ್‌ನ ಬಿಪಿಒ ಘಟಕವೊಂದು ಪುಣೆಯಿಂದ ಸಿಟಿಬ್ಯಾಂಕ್‌ನ ಅಮೆರಿಕದ ಗ್ರಾಹಕರ ಕರೆ ತಗೋತಿತ್ತು. ಅಲ್ಲಿ ಕೆಲಸ ಮಾಡಿದ್ದ ಕೆಲವರು ಗ್ರಾಹಕರ ವಿಶ್ವಾಸ ಗಳಿಸಿ, ಅವರ ಬಾಯಿಂದಲೇ ಪಿನ್ ಹೇಳಿಸಿಕೊಂಡರು ಅನ್ನೋದು ಆರೋಪ. ಸುಮಾರು ಮೂರೂವರೆ ಲಕ್ಷ ಡಾಲರ್ ಪುಣೆಯ ಖಾತೆಗಳಿಗೆ ಬಂತು. 2005ರ ಏಪ್ರಿಲ್‌ನಲ್ಲಿ ಬಂಧನಗಳಾದವು. ಗಮನಿಸಿ, ಇಲ್ಲಿ ಯಾವ ಸಾಫ್ಟ್‌ವೇರನ್ನೂ ಮುರಿದಿರಲಿಲ್ಲ. ಮುರಿದದ್ದು ನಂಬಿಕೆ ಮಾತ್ರ.

ಮುಂದೆ ಒಂದೊಂದೇ ಬೀಗ ಬಿತ್ತು. 2008ರಲ್ಲಿ ನಾಸ್ಕಾಂ ಡೇಟಾ ಸೆಕ್ಯುರಿಟಿ ಕೌನ್ಸಿಲ್ ಕಟ್ಟಿತು. ಅದೇ ವರ್ಷ ತಿದ್ದುಪಡಿಯಾದ ಐಟಿ ಕಾಯ್ದೆಗೆ 43ಎ ಸೇರಿತು: ಸೂಕ್ಷ್ಮ ಮಾಹಿತಿ ಕಾಯದೆ ನಷ್ಟ ಮಾಡಿದ ಕಂಪನಿ ಪರಿಹಾರ ಕೊಡಬೇಕು. 2009ರ ಆಗಸ್ಟ್‌ನಿಂದ, ಆನ್‌ಲೈನ್ ಪಾವತಿಗೆ ಕಾರ್ಡ್ ಮೇಲಿರೋ ವಿವರವಷ್ಟೇ ಸಾಲದು, ಇನ್ನೊಂದು ಗುಟ್ಟೂ ಬೇಕು ಅಂತ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ನಮ್ಮ ಒಟಿಪಿ ಅಭ್ಯಾಸದ ಬೇರು ಅಲ್ಲಿದೆ.

ದೊಡ್ಡ ತಿರುವು 2022ರ ಅಕ್ಟೋಬರ್ 1. ಅಂದಿನಿಂದ ಆನ್‌ಲೈನ್ ವ್ಯಾಪಾರಿಗಳು ನಿಮ್ಮ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳೋ ಹಾಗಿಲ್ಲ. ಅದರ ಬದಲು ಟೋಕನ್ ಇರುತ್ತೆ. ಒಂದು ಆ್ಯಪ್‌ನ ಟೋಕನ್ ಕದ್ದರೆ ಇನ್ನೊಂದು ಕಡೆ ನಡೆಯೋಲ್ಲ. ‘ಚೆನ್ನಾಗಿ ಕಾಯಿರಿ’ ಅನ್ನೋದರಿಂದ ‘ಇಟ್ಟುಕೊಳ್ಳಲೇ ಬೇಡಿ’ ಅನ್ನೋವರೆಗೆ ಬಂದೆವು.

ಆದರೆ 2005ರ ಬಾಗಿಲು ಮುಚ್ಚಿಲ್ಲ. ಹೋಟೆಲಿನವರು ಬುಕಿಂಗ್‌ಗೆ ಅಂತ ಕಾರ್ಡ್ ಫೋಟೊ ವಾಟ್ಸಾಪ್ ಮಾಡಿ ಅಂದರೆ ಬೇಡ ಅನ್ನಿ, ಪೇಮೆಂಟ್ ಲಿಂಕ್ ಕೇಳಿ. ಕಾರ್ಡ್ ಕಣ್ಣೆದುರೇ ಸ್ವೈಪ್ ಆಗಲಿ. ಬ್ಯಾಂಕಿನಿಂದ ಅಂತ ಫೋನ್ ಮಾಡಿದವರು ಒಟಿಪಿ, ಸಿವಿವಿ, ಪಿನ್ ಕೇಳಿದರೆ ಫೋನ್ ಇಟ್ಟು, ಕಾರ್ಡ್ ಹಿಂದಿರೋ ನಂಬರಿಗೆ ನೀವೇ ಕರೆ ಮಾಡಿ. ನಾವೇ ಬಾಯಿಬಿಟ್ಟು ಹೇಳಿದ ಗುಟ್ಟನ್ನು ಯಾವ ಟೋಕನ್ನೂ ಕಾಯಲಾರದು.

ಮುಂದಿನ ಮಾತುಕತೆಯಲ್ಲಿ ಸಿಗೋಣ.