ಹಡಗಿನ ಒಡಲಿನಿಂದ ಧಕ್ಕೆಗೆ: ರಾಶಿ ಸರಕನ್ನು ಇಳಿಸುವ ಹಳೆಯ ಹೊಸ ಕ್ರಮಗಳು

ಕಡಲಿಗೆ ದೂರವಾದ ನಗರಗೆರೆಯ ಸೀಮೆಯಲ್ಲಿ, ರಾಶಿಯಾಗಿ ತುಂಬಿದ ಸರಕನ್ನು ಆಳದಿಂದ ಮೇಲೆತ್ತುವ ವಿದ್ಯೆಗೆ ಅತ್ಯಂತ ಸಮೀಪವಾದ ನಿದರ್ಶನವೆಂದರೆ ರಾಗಿಯ ಹಗೇವು. ನೆಲದೊಳಗೆ ತೋಡಿದ ಆ ಕಣಜದ ಬಾಯಿ ತೆರೆದೊಡನೆ ಒಳಗಿಳಿಯುವುದು ಪ್ರಾಣಾಪಾಯವೆಂದು ಬಲ್ಲ ಹಿರಿಯರು, ಕೆಲಕಾಲ ಗಾಳಿಯಾಡಲು ಬಿಟ್ಟು, ಉರಿಯುವ ದೀಪವೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ನಂದದೆ ನಿಂತರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಹಡಗಿನ ಸರಕಿಳಿಸುವ ಚರಿತ್ರೆಯನ್ನು ಕೇವಲ ಯಂತ್ರಗಳ ಚರಿತ್ರೆಯಾಗಿ ಕಾಣುವವರು ಮರೆಯುವ ಸಂಗತಿ ಈ ದೀಪದಲ್ಲಿದೆ.

ಕರ್ನಾಟಕದಲ್ಲಿ ಈ ಚರಿತ್ರೆಯ ಎರಡು ಘಟ್ಟಗಳೂ ಮಂಗಳೂರಿನಲ್ಲಿಯೇ ದೊರೆಯುತ್ತವೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಕೂಡುವ ಅಳಿವೆಯಲ್ಲಿ ಮರಳದಿಬ್ಬವು ಅಡ್ಡವಾಗಿದ್ದುದರಿಂದ, ದೊಡ್ಡ ಹಡಗುಗಳು ಹಳೆಯ ಬಂದರಿನ ಧಕ್ಕೆಗೆ ಬರಲಾರದೆ ದೂರದಲ್ಲಿಯೇ ಲಂಗರು ಹಾಕುತ್ತಿದ್ದುವು. ಸರಕು ಮೊದಲು ದೋಣಿಗಿಳಿದು, ದೋಣಿಯಿಂದ ಧಕ್ಕೆಗೆ ಬಂದು, ಹಮಾಲಿಗಳ ತಲೆಯ ಮೇಲೆ ಗೋದಾಮನ್ನು ಸೇರಬೇಕಾಗಿತ್ತು. ಮುಂಗಾರು ಕೆರಳಿದಾಗ ಈ ವ್ಯವಹಾರವೇ ನಿಲ್ಲುತ್ತಿತ್ತು. ಸಲಿಕೆಯಿಂದ ಬುಟ್ಟಿ ತುಂಬುವವನ ಬೆನ್ನೇ ಆ ಕ್ರಮದ ವೇಗಕ್ಕೆ ಮಿತಿಯಾಗಿತ್ತು.

ಅನ್ಯದೇಶಗಳಲ್ಲಿ ಯಂತ್ರವು ಬಹು ಮುಂಚೆಯೇ ಹಡಗಿನ ಒಡಲಿಗಿಳಿದಿತ್ತು. ಅಮೆರಿಕದ ಜಾರ್ಜ್ ಹ್ಯೂಲೆಟ್ ರೂಪಿಸಿದ ಮಹಾಯಂತ್ರವು 1899ರಲ್ಲಿ ಈರೀ ಸರೋವರದ ಬಂದರೊಂದರಲ್ಲಿ ಕಬ್ಬಿಣದ ಅದಿರನ್ನು ಎತ್ತಲಾರಂಭಿಸಿತು. ಅದನ್ನು ನಡೆಸುವಾತನು ಬಾಚುವ ತೊಟ್ಟಿಯ ಮೇಲ್ಗಡೆಯ ಗೂಡಿನಲ್ಲಿ ಕುಳಿತು, ಪ್ರತಿಯೊಂದು ಬಾಚಿಗೂ ತೊಟ್ಟಿಯೊಡನೆಯೇ ಇಳಿದೇರುತ್ತಿದ್ದನು. ಸರಕನ್ನು ಸಮೀಪದಿಂದ ಕಂಡೇ ಎತ್ತಬೇಕೆಂಬ ಆ ಶ್ರದ್ಧೆ ನನಗೆ ಬಹು ಮೆಚ್ಚಿಕೆಯಾದುದು.

ಪಣಂಬೂರಿನ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾಗಿ, 1975ರ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಇಲ್ಲಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಬೇಕಾದ ವಿದೇಶೀ ಕಲ್ಲಿದ್ದಲೂ ಈ ಬಂದರಿನಲ್ಲಿ ಇಳಿಯುತ್ತದೆ. ಕ್ರೇನಿಗೆ ತೂಗುಬಿದ್ದ ಗ್ರ್ಯಾಬು ಎರಡು ದವಡೆಗಳನ್ನು ಅಗಲಿಸಿ ರಾಶಿಯ ಮೇಲೆ ಕೂರುತ್ತದೆ, ತನ್ನ ಭಾರದಿಂದಲೇ ಒಳಹೊಗುತ್ತದೆ, ಹಗ್ಗ ಬಿಗಿದಂತೆ ಬಾಯಿ ಮುಚ್ಚಿ ಮೇಲೇಳುತ್ತದೆ. ದವಡೆಗಳ ಸಂದಿನಿಂದ ಪುಡಿ ಉದುರುತ್ತಿರುವಂತೆಯೇ ತಿರುಗಿ ಹಾಪರಿನ ಮೇಲೆ ಬಾಯಿ ಬಿಡುತ್ತದೆ. ಅಲ್ಲಿಂದ ಲಾರಿಯೋ ಕನ್ವೇಯರ್ ಪಟ್ಟಿಯೋ ಅದನ್ನು ಒಯ್ಯುತ್ತದೆ.

ಆದರೆ ರಾಶಿ ಕರಗಿ ತಳ ಕಾಣಿಸಿದಾಗ ಗ್ರ್ಯಾಬು ಅಸಹಾಯಕವಾಗುತ್ತದೆ. ಆಗ ಸಣ್ಣ ಬಾಚುಯಂತ್ರವನ್ನು ಕ್ರೇನಿನಿಂದಲೇ ಒಳಗಿಳಿಸಿ, ಅಂಚಿನ ಸರಕನ್ನು ನಡುವಿಗೆ ಒಟ್ಟಬೇಕು. ಅದಕ್ಕೂ ಎಟುಕದ ಏಣಿಯ ಹಿಂಬದಿಗೆ, ಮೂಲೆಮುಡುಕುಗಳಿಗೆ ಸಲಿಕೆ ಹಿಡಿದ ಮನುಷ್ಯನೇ ಹೋಗತಕ್ಕದ್ದು. ಮುಚ್ಚಿದ ಒಡಲಿನಲ್ಲಿ ಕಲ್ಲಿದ್ದಲು ಗಾಳಿಯ ಆಮ್ಲಜನಕವನ್ನು ಹೀರಿಬಿಡುತ್ತದೆ. ದಹಿಸುವ ಅನಿಲವನ್ನೂ ಬಿಡಬಹುದಾದುದರಿಂದ ಹಗೇವಿನ ದೀಪವೇ ಅಲ್ಲಿ ಸ್ಫೋಟಕ್ಕೆ ಕಾರಣವಾದೀತು. ಆದುದರಿಂದ ದೀಪದ ಸ್ಥಾನಕ್ಕೆ ಅನಿಲಮಾಪಕ ಬಂದಿದೆ. ಗಂಟೆಗೆಷ್ಟು ಟನ್ನು ಇಳಿಯಿತೆಂದು ಬರೆದಿಡುವ ಪುಸ್ತಕದಲ್ಲಿಯೇ, ಆಳು ಇಳಿಯುವ ಮುನ್ನ ಒಡಲಿನ ಗಾಳಿಯನ್ನು ಅಳೆದ ಹೊತ್ತನ್ನೂ ತಪ್ಪದೆ ಬರೆದಿಡಬೇಕು.